ಕಾಮಿಕ್ಸ್ ಸನ್ಯಾಸ

ಸಿಗರೇಟು ಬಿಟ್ಟವನಿಗೆ ನಮ್ಮ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ಸಕ್ಕರೆ ಬಿಟ್ಟವನ ಎಲೆಯ ಮುಂದೆ ಬಡಿಸುವವರು ಜಿಲೇಬಿ ತಟ್ಟೆ ಹಿಡಿದು ಅರೆಕ್ಷಣ ನಿಂತು, ‘ಭಲೇ ಮನಸ್ಸು ನಿಮ್ಮದು’ ಎಂದು ಮುಂದೆ ಹೋಗುತ್ತಾರೆ. ಆದರೆ ‘ಕಾಮಿಕ್ಸ್ ಕೂಡಿಡುವುದನ್ನು ಬಿಟ್ಟೆ’ ಎಂದು ಹೇಳಿ ನೋಡಿ. ಎದುರಿಗಿದ್ದವರು ಮೊದಲು ನಿಮ್ಮ ಬಿಳಿಗೂದಲು ನೋಡುತ್ತಾರೆ, ಆಮೇಲೆ ನಿಮ್ಮ ಹೆಂಡತಿಯ ಮುಖ ನೋಡುತ್ತಾರೆ. ‘ಅಂದ್ರೆ ಇಷ್ಟು ದಿನ ಅದನ್ನ ಮಾಡ್ತಾ ಇದ್ರಾ?’ ಎಂಬ ಪ್ರಶ್ನೆಯನ್ನು ಕಾಫಿಯ ಜೊತೆ ನುಂಗುತ್ತಾರೆ. ಹಿಡಿದಾಗ ಹೋಗದ ಮಾನ ಬಿಟ್ಟಾಗ ಹೋಗುವ ಚಟ ಇದೊಂದೇ ಇರಬೇಕು.

ನನ್ನ ಹೆಂಡತಿಯಂತೂ ಸುದ್ದಿ ಕೇಳಿ ಹಿಗ್ಗಲಿಲ್ಲ. ‘ಬಿಟ್ಟೆ ಅಂದ್ರೆ ಏನು? ಕೊಳ್ಳೋದು ಬಿಟ್ರೋ, ಇಟ್ಕೊಳ್ಳೋದು ಬಿಟ್ರೋ?’ ಎಂದಳು. ಶಂಕರಾಚಾರ್ಯರ ಕಾಲದಲ್ಲೂ ಸನ್ಯಾಸದ ಬಗ್ಗೆ ಇಷ್ಟು ಖಡಕ್ಕಾದ ಪ್ರಶ್ನೆಯನ್ನು ಯಾರೂ ಎತ್ತಿರಲಾರರು. ಕೊಳ್ಳುವುದನ್ನು ಬಿಟ್ಟಿದ್ದೇನೆ, ಇಟ್ಟುಕೊಳ್ಳುವುದರ ಬಗ್ಗೆ ಚಿಂತನೆ ನಡೆದಿದೆ ಎಂದು ಸರ್ಕಾರಿ ಉತ್ತರ ಕೊಟ್ಟೆ. ಆಕೆ ಅಟ್ಟದ ಕಡೆ ನೋಡಿದಳು.

ಅಟ್ಟದಲ್ಲಿರುವುದು ಮುಖ್ಯವಾಗಿ ಇಂದ್ರಜಾಲ ಕಾಮಿಕ್ಸ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಗೊತ್ತಿದ್ದವರು ಕಣ್ಣು ಒದ್ದೆ ಮಾಡಿಕೊಳ್ಳಬಹುದು. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾದವರು ಇದನ್ನು ಶುರು ಮಾಡಿದರು. ಮೊದಲ ಸಂಚಿಕೆಯಲ್ಲೇ ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಅಮೆರಿಕದಲ್ಲಿ ಸೃಷ್ಟಿಸಿದ ಈ ಮುಸುಕುಧಾರಿ ಇಲ್ಲಿಗೆ ಬರುವಾಗ ಭಾರತದ ನೀರಿಗೆ ಒಗ್ಗಿಕೊಂಡು ಬಂದ. ಅವನ ಕಾಡು ಬೆಂಗಲ್ಲಾ ಎಂದಿದ್ದದ್ದು ಡೆಂಕಾಲಿಯಾಯಿತು, ಸಿಂಗ್ ಎಂಬ ಕಡಲ್ಗಳ್ಳರು ಯಾರಿಗೂ ನೋವಾಗದಂತೆ ಸಿಂಗಾ ಆದರು. ಅವನ ಜೊತೆಗೆ ಜಾದೂಗಾರ ಮ್ಯಾಂಡ್ರೇಕ್, ಫ್ಲಾಶ್ ಗಾರ್ಡನ್, ರಿಪ್ ಕರ್ಬಿ ಬಂದರು. 1976ರಲ್ಲಿ ಆಬಿದ್ ಸೂರ್ತಿ ಅವರ ಬಹಾದೂರ್ ಕೇಸರಿ ಕುರ್ತಾ, ಜೀನ್ಸ್ ಪ್ಯಾಂಟಿನಲ್ಲಿ ಬಂದು ಡಕಾಯಿತರ ಹಿಂದೆ ಬಿದ್ದ. ಆ ವೇಷ ಹಾಕಿಕೊಂಡು ನಮ್ಮ ಕಾಲೇಜಿನಲ್ಲಿ ಓಡಾಡಿದ ಹುಡುಗರನ್ನು ನಾನು ಕಂಡಿದ್ದೇನೆ. ಯಾವ ಡಕಾಯಿತನೂ ಹೆದರಲಿಲ್ಲ.

1990ರಲ್ಲಿ ನಿಲ್ಲುವ ಹೊತ್ತಿಗೆ ಇಂದ್ರಜಾಲದ ಕ್ರಮಸಂಖ್ಯೆ 805 ಮುಟ್ಟಿತ್ತು. ಬಂದ ಪುಸ್ತಕಗಳು ಮಾತ್ರ 803. 123 ಮತ್ತು 124ನೆಯವು ಮುಷ್ಕರದ ದೆಸೆಯಿಂದ ಅಚ್ಚೇ ಆಗಲಿಲ್ಲ. ಸಾಲದ್ದಕ್ಕೆ ನಡುದಾರಿಯಲ್ಲಿ ಪ್ರಕಾಶಕರು ಕ್ರಮಸಂಖ್ಯೆ ಕೈಬಿಟ್ಟು ಸಂಪುಟ, ಸಂಚಿಕೆ ಎಂಬ ಬೇರೆ ಲೆಕ್ಕ ಹಿಡಿದರು. ಹೀಗಾಗಿ ನಮ್ಮ ಬಳಗದವರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಗುಣಾಕಾರ ಭಾಗಾಕಾರ ನಡೆಯುತ್ತದೆ. ಗಣಿತದಲ್ಲಿ ಜಸ್ಟ್ ಪಾಸಾದವರೂ ಸಂಪುಟ ಇಪ್ಪತ್ತಮೂರನ್ನು ಬಾಯಲ್ಲೇ ಕ್ರಮಸಂಖ್ಯೆಗೆ ಇಳಿಸುತ್ತಾರೆ.

ಹೊಸಬರು ಯಾರಾದರೂ ಈ ಹಾದಿಗೆ ಬಂದರೆ, ‘123 ಕಣ್ಣಿಗೆ ಬಿದ್ರೆ ನನಗೊಂದು ಮಾತು ಹೇಳಿ’ ಎಂದು ಗಂಭೀರವಾಗಿ ಹೇಳಿ ಕಳಿಸುವುದು ನಮ್ಮಲ್ಲಿ ನಡೆದುಬಂದ ಕುಚೇಷ್ಟೆ. ಅವರು ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಮುಂದೆ ಹೋಗಿ ಕೇಳುತ್ತಾರೆ. ಅವೆನ್ಯೂ ರಸ್ತೆ ಕಡಿಮೆಯದಲ್ಲ. ಅಲ್ಲಿ ‘ಇಲ್ಲ’ ಎಂಬ ಉತ್ತರ ವ್ಯಾಪಾರಧರ್ಮಕ್ಕೆ ವಿರುದ್ಧ. ‘ಅಯ್ಯೋ, ನೂರಿಪ್ಪತ್ಮೂರಾ? ನಿನ್ನೆ ಸಾಯಂಕಾಲ ತಾನೇ ಹೋಯ್ತಲ್ಲಾ ಸಾರ್! ಮುಂದಿನ ವಾರ ಬನ್ನಿ, ತೆಗೆದಿಟ್ಟಿರ್ತೀನಿ’ ಎನ್ನುತ್ತಾರೆ. ಅಚ್ಚಾಗದ ಪುಸ್ತಕಕ್ಕೆ ಅಡ್ವಾನ್ಸ್ ಕೊಟ್ಟು ಬಂದವರೂ ಉಂಟು.

ಅಮರ ಚಿತ್ರಕಥೆಯದು ಇನ್ನೊಂದು ಬಗೆ. ಅದರ ಇಂಗ್ಲಿಷ್ ಮಾಲೆ ಶುರುವಾಗುವುದೇ 11ನೆಯ ಸಂಖ್ಯೆಯ ‘ಕೃಷ್ಣ’ನಿಂದ. ಒಂದರಿಂದ ಹತ್ತು ಎಲ್ಲಿ ಎಂದು ದೆಹಲಿ, ಮುಂಬೈಯ ಸಂಗ್ರಹಕಾರರು ತಲೆ ಕೆರೆದುಕೊಂಡರೆ ಉತ್ತರ ನಮ್ಮ ಬೆಂಗಳೂರಿನಲ್ಲಿದೆ. ಇಂಡಿಯಾ ಬುಕ್ ಹೌಸ್‌ನ ಇಲ್ಲಿನ ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಹೇಳುವ ಪ್ರಕಾರ ಈ ಮಾಲೆ 1965ರಲ್ಲಿ ಮೊದಲು ಬಂದದ್ದು ಕನ್ನಡದಲ್ಲಿ, ಆ ಹತ್ತು ಪುಸ್ತಕಗಳು ಸಿಂಡ್ರೆಲಾ ಮುಂತಾದ ಹೊರದೇಶದ ಕಿನ್ನರ ಕಥೆಗಳು. ಆಮೇಲೆ ಮುಂಬೈಯಲ್ಲಿ ಅದನ್ನು ಕೈಗೆತ್ತಿಕೊಂಡು ಮನೆಮಾತು ಮಾಡಿದ ಅನಂತ ಪೈ ಕೂಡ ನಮ್ಮ ಕಾರ್ಕಳದಲ್ಲಿ ಹುಟ್ಟಿದವರೇ. ಇದನ್ನು ಕೇಳಿದಾಗ ಕನ್ನಡಾಭಿಮಾನದಿಂದ ನನ್ನ ಎದೆ ಉಬ್ಬಿತು. ಆ ಹತ್ತು ನನ್ನಲ್ಲಿಲ್ಲವಲ್ಲ ಎಂದು ಮರುಕ್ಷಣ ಇಳಿಯಿತು.

ಕೂಡಿಟ್ಟದ್ದನ್ನು ಕಾಯುವುದು ಹುಡುಕುವುದಕ್ಕಿಂತ ದೊಡ್ಡ ಕೆಲಸ. ಕಾಮಿಕ್ಸಿನ ಶತ್ರು ಅದರ ಹೊಟ್ಟೆಯಲ್ಲೇ ಇದ್ದಾನೆ. ಅಗ್ಗದ ಕಾಗದದಲ್ಲಿ ಉಳಿದ ಮರದ ಲಿಗ್ನಿನ್ ಬೆಳಕು, ಗಾಳಿ ತಾಗಿದಂತೆಲ್ಲ ಹಳದಿಗೆ ತಿರುಗುತ್ತದೆ, ಕಾಗದದ ಆಮ್ಲ ಅದನ್ನು ಹಪ್ಪಳ ಮಾಡುತ್ತದೆ. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ನಡುಪುಟದಲ್ಲಿ ಫ್ಯಾಂಟಮ್‌ನ ಪ್ರಿಯತಮೆ ಡಯಾನಾಳ ಕೆನ್ನೆಗೆ ಕಂದುಮಚ್ಚೆ ಕೊಡುತ್ತದೆ. ಆಮೇಲೆ ಬೆಳ್ಳಿಹುಳ. ಅದಕ್ಕೆ ಬೇವಿನೆಲೆ ಇಟ್ಟೆ, ನುಸಿಗುಳಿಗೆ ಇಟ್ಟೆ, ನೆಂಟರ ಹೊಸ ಚಪ್ಪಲಿ ಡಬ್ಬಿಗಳಿಂದ ಸಿಲಿಕಾ ಜೆಲ್ ಪೊಟ್ಟಣ ಎತ್ತಿಕೊಂಡು ಬಂದೆ. ಯಾರ ಮನೆಗೆ ಹೋದರೂ ನಾನು ಚಪ್ಪಲಿ ಗೂಡಿನ ಹತ್ತಿರ ಸುಳಿದಾಡುವುದನ್ನು ಕಂಡು ಜನ ತಮ್ಮ ಪಾದರಕ್ಷೆ ಒಳಗೆ ಇಟ್ಟುಕೊಳ್ಳತೊಡಗಿದರು.

ಇಷ್ಟಾದ ಮೇಲೆ ಓದುವುದೆಲ್ಲಿ? ಓದಿದರೆ ಬೆನ್ನು ಸಡಿಲವಾಗುತ್ತದೆ, ಮೂಲೆ ಮಡಚುತ್ತದೆ. ಓದಲಿಕ್ಕೊಂದು, ಇಡಲಿಕ್ಕೊಂದು, ಅದಲುಬದಲಿಗೊಂದು ಎಂದು ಮೂರು ಮೂರು ಪ್ರತಿ ಬೇಕು. ಅಮೆರಿಕದವರು ಇದರಲ್ಲೂ ಮುಂದೆ. ಅಲ್ಲಿ ಕಾಮಿಕ್ಸಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲು ಮಾಡಿಬಿಡುತ್ತಾರೆ, ಪುಟ ತಿರುಗಿಸುವ ಪ್ರಶ್ನೆಯೇ ಇಲ್ಲ. 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಒಂದು ಪ್ರತಿ, 8.5 ಅಂಕದ್ದು, 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಮುಖಪುಟದಲ್ಲಿ ಸೂಪರ್‌ಮ್ಯಾನ್ ಇಡೀ ಕಾರನ್ನು ತಲೆಯ ಮೇಲೆತ್ತಿದ್ದಾನೆ, ಪಾಪ, ಪೆಟ್ಟಿಗೆಯ ಮುಚ್ಚಳ ತೆಗೆಯಲಾರ.

ಈ ಸುದ್ದಿ ಪೇಪರಿನಲ್ಲಿ ಬಂದ ದಿನ ನನ್ನ ಭಾವಮೈದುನ ಫೋನ್ ಮಾಡಿ, ಜೀವನದಲ್ಲೇ ಮೊದಲ ಬಾರಿಗೆ ನನ್ನನ್ನು ‘ತಾವು’ ಎಂದ. ಅಟ್ಟದಲ್ಲಿರುವುದರ ಒಟ್ಟು ಬೆಲೆ ಎಷ್ಟಾಗಬಹುದು ಎಂದು ವಿಚಾರಿಸಿದ. ನಾನು ಸತ್ಯ ಹೇಳಿದೆ. ಮರುವಾರ ಮತ್ತೆ ‘ನೀನು’ ಆದೆ. ಹಳೇ ಪೇಪರಿನವನ ಅಭಿಪ್ರಾಯವಂತೂ ಇನ್ನೂ ನಿಷ್ಠುರ: ‘ಕಲರ್ ಇದ್ರೆ ರೇಟ್ ಕಮ್ಮಿ ಸಾರ್. ಬೇಕಾದ್ರೆ ನ್ಯೂಸ್ ಪೇಪರ್ ಜೊತೆ ಸೇರಿಸಿ ತೂಗ್ತೀನಿ.’

ಇದರಿಂದೆಲ್ಲ ನಾನು ಬಿಟ್ಟೆನೆಂದುಕೊಳ್ಳಬೇಡಿ. ಅವಮಾನಕ್ಕೆ ಚಟ ಬಿಡುವುದಿದ್ದರೆ ಊರಿನಲ್ಲಿ ಒಬ್ಬನೂ ಕವಿ ಉಳಿಯುತ್ತಿರಲಿಲ್ಲ. ಬಿಟ್ಟದ್ದು ಬೇಕಾದದ್ದು ಸಿಕ್ಕಿದ್ದಕ್ಕೆ.

ಹೈಸ್ಕೂಲಿನಲ್ಲಿದ್ದಾಗ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಅಲ್ಲಿ ಕಾಮಿಕ್ಸುಗಳನ್ನು ಐದಾರರಂತೆ ಒಟ್ಟಿಗೆ ದಬ್ಬಣದಲ್ಲಿ ಹೊಲಿದು ಕಂದು ರಟ್ಟು ಹಾಕಿರುತ್ತಿದ್ದರು. ಹೊಲಿಗೆ ಎಷ್ಟು ಒಳಕ್ಕೆ ಹೋಗುತ್ತಿತ್ತೆಂದರೆ ಎಡಗಡೆಯ ಚಿತ್ರಗಳಲ್ಲಿ ಯಾರು ಯಾರಿಗೆ ಗುದ್ದಿದರೆಂದು ಊಹಿಸಿಕೊಳ್ಳಬೇಕಿತ್ತು. ಅಂಥದೊಂದು ಕಟ್ಟಿನ ಕೊನೆಯಲ್ಲಿದ್ದ ಮ್ಯಾಂಡ್ರೇಕ್ ಕಥೆಗೆ ಕೊನೆಯ ಹಾಳೆ ಇರಲಿಲ್ಲ. ಬಾಗಿಲ ಆಚೆ ಯಾರೋ ನಿಂತಿದ್ದಾರೆ, ಮ್ಯಾಂಡ್ರೇಕನ ಜೊತೆಗಾರ ಲೋಥರ್ ಹಿಡಿಕೆಗೆ ಕೈ ಹಾಕಿದ್ದಾನೆ. ಅಷ್ಟೇ. ಆ ಬಾಗಿಲ ಹಿಂದೆ ಯಾರಿದ್ದರೆಂದು ಟ್ರಿಗ್ನಾಮೆಟ್ರಿ ಪೀರಿಯಡ್ಡಿನಲ್ಲಿ ಯೋಚಿಸಿದ್ದೇನೆ, ಮದುವೆಯ ಮಂಟಪದಲ್ಲಿ ಹೊಗೆಗೆ ಕಣ್ಣು ಮುಚ್ಚಿದಾಗ ಯೋಚಿಸಿದ್ದೇನೆ, ಆಫೀಸಿನ ಆಡಿಟ್ ನಡೆಯುವಾಗ ಯೋಚಿಸಿದ್ದೇನೆ. ಒಮ್ಮೊಮ್ಮೆ ಮ್ಯಾಂಡ್ರೇಕನ ತಂದೆ ನಿಂತಿರುತ್ತಿದ್ದರು, ಒಮ್ಮೆ ಇನ್ನೊಬ್ಬ ಮ್ಯಾಂಡ್ರೇಕನೇ ಇದ್ದ. ಪ್ರಮೋಷನ್ ತಪ್ಪಿದ ವರ್ಷ ನಮ್ಮ ಮ್ಯಾನೇಜರ್ ಕೂಡ ಆ ಬಾಗಿಲ ಹಿಂದೆ ಕೆಲಕಾಲ ನಿಂತಿದ್ದರು.

ಆ ಸಂಚಿಕೆ ಈಚೆಗೆ ಇಡಿಯಾಗಿ ಸಿಕ್ಕಿತು. ಪಿನ್ನು ಹೊಳೆಯುತ್ತಿತ್ತು, ಕವರು ಬಿಗಿಯಾಗಿತ್ತು, ಕೊಟ್ಟ ದುಡ್ಡನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ. ಕೊನೆಯ ಹಾಳೆ ತೆಗೆದೆ. ಬಾಗಿಲ ಹಿಂದೆ ಒಬ್ಬ ಮಾಮೂಲಿ ಕಳ್ಳ. ಮ್ಯಾಂಡ್ರೇಕ್ ಕೈ ಬೀಸಿದ, ಪಿಸ್ತೂಲು ಹಾವಾಯಿತು, ಪೊಲೀಸರು ಬಂದರು, ಮ್ಯಾಂಡ್ರೇಕನ ಗೆಳತಿ ನಾರ್ಡಾ ಏನೋ ತಮಾಷೆ ಮಾಡಿದಳು, ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನ ಮ್ಯಾನೇಜರೇ ವಾಸಿಯಾಗಿದ್ದರು.

ಅವತ್ತೇ ಪಟ್ಟಿ ಮುಚ್ಚಿದೆ. ನನ್ನಲ್ಲಿಲ್ಲದ ಸಂಚಿಕೆಗಳ ಪಟ್ಟಿ ಅದು. ಅದರಲ್ಲಿ ಇನ್ನೂ ಹಲವು ಸಂಖ್ಯೆಗಳು ಅಡ್ಡಗೆರೆ ಬೀಳದೆ ಉಳಿದಿವೆ. ಉಳಿದಿರಲಿ. ಅವುಗಳ ಒಳಗೆ ಏನಿದೆಯೆಂದು ಬಲ್ಲವರಿಂದ ಕೇಳುವುದಕ್ಕೂ ನನಗೆ ಮನಸ್ಸಿಲ್ಲ.

ಸುದ್ದಿ ಹಬ್ಬಿ ನಮ್ಮ ಬಳಗದ ಹಿರಿಯರು, ನಿವೃತ್ತ ಬ್ಯಾಂಕ್ ಅಧಿಕಾರಿ, ‘ಸುಮ್ನೆ ಮಾತಾಡಿಸ್ಕೊಂಡು ಹೋಗೋಣ ಅಂತ’ ಬಂದರು. ಕೈಯಲ್ಲಿ ಎರಡು ಖಾಲಿ ಬಟ್ಟೆಚೀಲ. ಏಣಿ ಹಾಕಿ ಅಟ್ಟ ತೋರಿಸಿದೆ. ಒಂದೊಂದನ್ನೇ ಬೆಳಕಿಗೆ ಹಿಡಿದರು, ಬೆನ್ನು ಸವರಿದರು, ಮೂಸಿ ನೋಡಿದರು. ‘ಇದು ನನ್ನ ಹತ್ರ ಇದಕ್ಕಿಂತ ಒಳ್ಳೆ ಕಂಡೀಷನ್‌ನಲ್ಲಿದೆ’ ಎಂದು ಎಲ್ಲವನ್ನೂ ವಾಪಸ್ಸಿಟ್ಟರು. ನನ್ನ ಹೆಂಡತಿಯ ಮುಖ ಬಾಡಿತು. ಅವರು ಕೈ ತೊಳೆದುಕೊಂಡು ಕುರ್ಚಿಯಲ್ಲಿ ಮುಂದಕ್ಕೆ ಸರಿದು ದನಿ ತಗ್ಗಿಸಿ, ‘ಹೇಗೂ ಬಿಟ್ಟಿದ್ದೀರಿ. ನಿಮ್ಮ ಆ ಪಟ್ಟಿ ಇದ್ರೆ ಕೊಡಿ. ಏನೇನು ಹುಡುಕ್ತಾ ಇದ್ರಿ ಅಂತ ನೋಡೋಣ’ ಎಂದರು.

ಕಾಮಿಕ್ಸ್ ಬೇಕಾದರೆ ಪುಕ್ಕಟೆ ಒಯ್ಯಿರಿ, ಪಟ್ಟಿ ಕೊಡಲಾರೆ ಎಂದೆ. ಅವರು ಕಾಫಿ ಮುಗಿದರೂ ಏಳಲಿಲ್ಲ. ಹೆಂಡತಿ ಕೊಟ್ಟುಬಿಡಿ ಎಂದು ಕಣ್ಣಲ್ಲೇ ಹೇಳಿದಳು. ಕಡೆಗೆ ಒಳಗೆ ಹೋಗಿ ಒಂದು ಚೀಟಿಯಲ್ಲಿ ಅಂದವಾಗಿ ಬರೆದುಕೊಟ್ಟೆ: 123, 124. ಅವರು ಕನ್ನಡಕ ಏರಿಸಿ ಓದಿದರು, ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು, ‘ಅವೆನ್ಯೂ ರಸ್ತೆಯಲ್ಲಿ ವಿಚಾರಿಸ್ತೀನಿ. ಒಬ್ಬ ತೆಗೆದಿಡ್ತೀನಿ ಅಂದಿದ್ದ’ ಎಂದು ಚೀಲಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು.