ಕುಂಬಳಕಾಯಿ ತಿರುಳು ಈ ಕಡೆ ಕೊಡಿ

ಅಕ್ಕಾ, ಆ ಕುಂಬಳಕಾಯಿ ತಿರುಳನ್ನ ಕಸದ ಗಾಡಿಗೆ ಹಾಕ್ಬೇಡಿ, ಈ ಕಡೆ ಕೊಟ್ಬಿಡಿ. ನಮ್ಮ ಎರೆಹುಳುಗಳಿಗೆ ಅದು ಅಂದ್ರೆ ಪ್ರಾಣ. ವಾಸನೆನಾ? ಹುಳದ ತೊಟ್ಟಿಯ ಮುಚ್ಚಳ ತೆಗೀತೀನಿ, ಬಗ್ಗಿ ಮೂಸಿ ನೋಡಿ. ಬರೀ ಮಣ್ಣಿನ ವಾಸನೆ ಅಲ್ವಾ?

ನಾರೋದು ಯಾವಾಗ ಅಂದ್ರೆ, ಅವು ತಿನ್ನೋದಕ್ಕಿಂತ ಜಾಸ್ತಿ ನಾವು ಸುರಿದಾಗ. ಹುಳಕ್ಕೆ ಹಲ್ಲಿಲ್ಲ ಅಕ್ಕ. ಸಿಪ್ಪೆ ಮೊದಲು ಕೊಳೆತು ಮೆತ್ತಗಾಗ್ಬೇಕು, ಆಮೇಲೆ ಅದನ್ನೂ ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಗಳನ್ನೂ ಒಟ್ಟಿಗೆ ನುಂಗ್ತಾವೆ. ಅರೆಯೋ ಕೆಲಸವೆಲ್ಲ ಹೊಟ್ಟೆಯೊಳಗೆ, ಮರಳಿನ ಕಣದ ಜೊತೆ. ಅದಕ್ಕೇ ನಾನು ಸಣ್ಣಗೆ ಹೆಚ್ಚಿ, ಒಂದು ಮೂಲೇಲಿ ಹೂತು, ತರಗೆಲೆ ಮುಚ್ತೀನಿ. ಆ ಮೂಲೆ ಖಾಲಿಯಾದ್ಮೇಲೇ ಮುಂದಿನ ಮೂಲೆ. ಉಪ್ಪಿನಕಾಯಿ, ಎಣ್ಣೆ ಪದಾರ್ಥ, ನಿಂಬೆ ಹೋಳು ಮಾತ್ರ ಬೇಡವೇ ಬೇಡ. ಹುಳಗಳು ಉಸಿರಾಡೋದು ಒದ್ದೆ ಚರ್ಮದಿಂದ, ಉಪ್ಪು ತಗಲಿದ್ರೆ ಮೈಯ ತೇವವೇ ಹೋಗುತ್ತೆ ಪಾಪ. ಹಾಗಂತ ನೀರು ನಿಲ್ಲಿಸಿದ್ರೂ ಉಳಿಯಲ್ಲ. ತೊಟ್ಟಿಯೊಳಗಿನದನ್ನ ಹಿಡಿ ತುಂಬ ತೆಗೆದು ಹಿಂಡಿದ್ರೆ ಒಂದೆರಡು ಹನಿ ಬರ್ಬೇಕು, ಅಷ್ಟೇ.

ಇಲ್ನೋಡಿ, ಕೊತ್ತಂಬರಿ ಬೀಜದಷ್ಟು ಗಾತ್ರ, ಜೇನಿನ ಬಣ್ಣ. ಇದು ಮೊಟ್ಟೆಯ ಗೂಡು. ಇದೊಂದರಿಂದಲೇ ಎರಡು ಮೂರು ಮರಿ ಹೊರಗೆ ಬರ್ತಾವೆ. ದಾರದ ಎಳೆ ಥರ ಬೆಳ್ಳಗಿದೆಯಲ್ಲ, ಅದು ಈಗಷ್ಟೇ ಹುಟ್ಟಿದ್ದು.

ಹಿತ್ತಲು ಅಗೆದಾಗ ಸಿಗೋ ಹುಳ ಈ ತೊಟ್ಟಿಗೆ ಆಗಲ್ಲ, ಅದು ಮಣ್ಣಿನಾಳದ್ದು. ನಾನು ಸಾಕಿರೋದು ಐಸೀನಿಯಾ ಫೆಟಿಡಾ, ಮೇಲುಮೇಲೇ ಇದ್ದು ಕಸ ತಿನ್ನೋ ಜಾತಿ. ಆಫ್ರಿಕಾದ ಯುಡ್ರಿಲಸ್‌ನೂ ಸಾಕ್ತಾರೆ. ನಮ್ಮ ದೇಶದ್ದೇ ಪೆರಿಯೋನಿಕ್ಸ್ ಅಂತ ಇದೆ, ಹಳ್ಳಿ ಕಡೆ ತಿಪ್ಪೆಯಲ್ಲಿ ಸಿಗುತ್ತೆ.

ಇಷ್ಟೆಲ್ಲ ಯಾಕೆ ಅಂತೀರಾ? ನಿಮಗೆ ನೆನಪಿದೆಯಲ್ಲ, ಬೆಂಗಳೂರಿನ ಕಸ ನಮ್ಮೂರಿಗೆ ಬೇಡ ಅಂತ 2014ರಲ್ಲಿ ಮಂಡೂರಿನವರು ಲಾರಿ ತಡೆದಿದ್ದು? ಅವರು ಕೇಳಿದ್ದರಲ್ಲಿ ತಪ್ಪೇನಿತ್ತು ಹೇಳಿ. ನಾವು ತಿಂದ ಹಣ್ಣಿನ ಸಿಪ್ಪೆ ಇನ್ನೊಬ್ಬರ ಊರಲ್ಲಿ ಯಾಕೆ ಕೊಳೀಬೇಕು? ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ಅದು ಇಲ್ಲೇ ಉಳಿದ್ರೆ ಬಾಕಿ ಕಾಗದ, ಪ್ಲಾಸ್ಟಿಕ್ ಕೂಡ ಒದ್ದೆಯಾಗದೆ ಆಯುವವರ ಕೈಗೆ ಹಸನಾಗಿ ಸಿಗುತ್ತೆ.

ನೀವೂ ಹುಳ ಸಾಕಿ. ನಿಮ್ಮ ಹಳೇ ಪ್ಲಾಸ್ಟಿಕ್ ಟಬ್ ಇದೆಯಲ್ಲ, ತಳಕ್ಕೆ ನಾಲ್ಕು ತೂತು ಹಾಕಿಸಿ. ತೆಂಗಿನ ನಾರು ಹಾಸಿ, ಮೇಲೆ ಹಳೇ ಸಗಣಿ ಹಾಕಿ. ಹೊಸದು ಬೇಡ, ಕಾವು ಏರುತ್ತೆ. ನೆರಳಲ್ಲಿಡಿ, ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು. ಭಾನುವಾರ ನಾನೇ ಒಂದು ಬೊಗಸೆ ಹುಳ ತಂದು ಬಿಡ್ತೀನಿ.