ದೆವ್ವ ಸತ್ತರೂ ಗೊಣಗಾಟ ಸಾಯದು

(ರಾತ್ರಿ ಹನ್ನೊಂದು. ಅಳಿಯನ ಕಂಪ್ಯೂಟರಿನಲ್ಲಿ 2023ರ ಡಯಾಬ್ಲೊ 4. ಊಟ ಮುಗಿಸಿದ ಮಾವ ಪಕ್ಕದಲ್ಲಿ ಕೂತಿದ್ದಾರೆ.)

ಮಾವ: ಇದೂ ಒಂದು ಆಟವೇನೋ? ಆಟ ಅಂದ್ರೆ 2000ದ ಡಯಾಬ್ಲೊ 2.

ಅಳಿಯ: ಅದರಲ್ಲೇನಿತ್ತು ಮಾವ? ಬರೀ ಕ್ಲಿಕ್, ಕ್ಲಿಕ್.

ಮಾವ: ಆ ಕ್ಲಿಕ್ಕಿಗೂ ಒಂದು ಘನತೆ ಇತ್ತು ಕಣೋ! ಚೀಲದಲ್ಲಿ 40 ಮನೆ. ಒಂದು ಕವಚ ಎತ್ಕೊಂಡ್ರೆ ಆರು ಮನೆ ಭರ್ತಿ. ಏನು ಇಟ್ಕೊಳ್ಳೋದು, ಏನು ಬಿಸಾಕೋದು ಅಂತ ಯೋಚಿಸಿ ಯೋಚಿಸಿ ವೈರಾಗ್ಯ ಬರ್ತಿತ್ತು.

ಅಳಿಯ: ಸಾಮಾನು ತುಂಬೋಕೆ ಹೊರಾಡ್ರಿಕ್ ಕ್ಯೂಬ್ ಅನ್ನೋ ಪೆಟ್ಟಿಗೆ ಇತ್ತಲ್ಲ?

ಮಾವ: ಹೊರಗೆ ನಾಲ್ಕೇ ಮನೆ, ಒಳಗೆ ಹನ್ನೆರಡು. ನಿಮ್ಮಜ್ಜಿ ಟ್ರಂಕಿನ ಹಾಗೆ!

ಅಳಿಯ: 2012ರ ಮೂರನೇದು?

ಮಾವ: ಅಯ್ಯೋ, ಬಣ್ಣವೋ ಬಣ್ಣ! ನರಕವೋ ಮದುವೆ ಛತ್ರವೋ ಗೊತ್ತಾಗ್ತಿರಲಿಲ್ಲ.

ಅಳಿಯ: ಜನ ಹಾಗೆ ಗೊಣಗಿದ್ದಕ್ಕೇ ತಾನೆ, ಕಾಮನಬಿಲ್ಲು, ನಗೋ ಮೋಡ, ಯೂನಿಕಾರ್ನ್ ತುಂಬಿದ ವಿಮ್ಸಿಶೈರ್ ಅನ್ನೋ ಗುಪ್ತ ಹಂತ ಇಟ್ಟು ಅಣಕಿಸಿದ್ದು?

ಮಾವ: ಮೇಲೆ ಹರಾಜುಕಟ್ಟೆ ಬೇರೆ! ನಿಜವಾದ ದುಡ್ಡಿಗೆ ಕತ್ತಿ. ದೆವ್ವ ಹೊಡೆಯೋರೆಲ್ಲ ದಲ್ಲಾಳಿಗಳಾದ್ರು. 2014ರಲ್ಲಿ ಮುಚ್ಚಿದ್ರು, ಪುಣ್ಯ.

ಅಳಿಯ: ಈಗ ನೋಡಿ, ಹರಾಜಿಲ್ಲ, ಕಾಮನಬಿಲ್ಲಿಲ್ಲ. ಓಡಾಡೋಕೆ ಕುದುರೆ ಬೇರೆ ಕೊಟ್ಟಿದ್ದಾರೆ.

ಮಾವ: ಇಷ್ಟು ಕತ್ತಲಾದ್ರೆ ಏನು ಕಾಣುತ್ತೋ? ಬ್ರೈಟ್‌ನೆಸ್ ಜಾಸ್ತಿ ಮಾಡು!

ಅಳಿಯ: ನೀವು ಹೋಗಿ ಮಲಗಿ ಮಾವ.

ಮಾವ: (ಮೌಸ್ ಕಿತ್ತುಕೊಳ್ಳುತ್ತಾ) ಮಲಗ್ತೀನಿ. ಆ ಮೂಲೇಲಿ ಏನೋ ಹಳದಿ ಹೊಳೀತಿದೆ, ಅದೊಂದು ಎತ್ಕೊಂಡು…

(ಬೆಳಗಿನ ಜಾವ ಮೂರು. ಅಳಿಯ ಗೊರಕೆ ಹೊಡೆಯುತ್ತಿದ್ದಾನೆ. ಮಾವ ಇನ್ನೂ ಬೈಯುತ್ತಲೇ ಇದ್ದಾರೆ, ಕ್ಲಿಕ್ಕಿಸುತ್ತಲೂ ಇದ್ದಾರೆ.)