ಬರ್ಲಿನ್ ಬಿಡುವ ಶಾಸ್ತ್ರ

ಡಿಗ್ರಿ ಮುಗಿಸಿದ ಹುಡುಗರಿಗೆ ಜರ್ಮನಿಗೆ ಹೋಗುವುದು ಹೇಗೆಂದು ಹೇಳಿಕೊಡುವವರು ಬೆಂಗಳೂರಿನಲ್ಲಿ ಬೀದಿಗೊಬ್ಬರಿದ್ದಾರೆ. ವೀಸಾ, ಭಾಷೆಯ ಪರೀಕ್ಷೆ, ಬ್ಯಾಂಕಿನ ಪತ್ರ, ಚಳಿಗೆ ಎಂಥ ಕಾಲುಚೀಲ, ಎಲ್ಲದಕ್ಕೂ ಅವರ ಬಳಿ ಪಟ್ಟಿಯಿದೆ. ಅಲ್ಲಿಂದ ಹೊರಟು ಬರುವುದು ಹೇಗೆಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಬರ್ಲಿನ್ನಿನಲ್ಲಿ ಕೆಲವು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಊರಿಗೆ ಮರಳಿದವನಾಗಿ ಹೇಳುತ್ತೇನೆ: ಆ ಊರನ್ನು ಹೊಗಲು ಒಂದು ವೀಸಾ ಸಾಕು, ಬಿಡಲು ಊರಿನವರೆಲ್ಲರ ಲಿಖಿತ ಅಪ್ಪಣೆ ಬೇಕು.

ಮೊದಲು ಬಾಡಿಗೆ ಮನೆ. ಮೂರು ತಿಂಗಳ ನೋಟಿಸ್ ಕೊಡಬೇಕು. ಅದೂ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಬೇಕು; ನಾಲ್ಕನೇ ದಿನ ಸೇರಿತೋ, ಇನ್ನೊಂದು ತಿಂಗಳ ಬಾಡಿಗೆ ಕಕ್ಕಬೇಕು. ಇಮೇಲ್ ನಡೆಯುವುದಿಲ್ಲ. ಕಾಗದದ ಮೇಲೆ ಕೈಯಾರೆ ಸಹಿ ಹಾಕಿ ಕಳಿಸಬೇಕು. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಕಾಗದವೇ ಇಲ್ಲದ ಜಗತ್ತನ್ನು ಕಟ್ಟುತ್ತಿದ್ದವನು ಸಂಜೆ ಲಕೋಟೆ ಹುಡುಕಿಕೊಂಡು ಹೊರಟೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ನಂಬಿಕೆಯೇ ಬರಲಿಲ್ಲ. "ಮನೆ ಬಿಡೋಕೆ ಮೂರು ತಿಂಗಳೇನೋ? ನಿಮ್ಮಪ್ಪಂಗೆ ಶಿವಮೊಗ್ಗದಿಂದ ಹಾಸನಕ್ಕೆ ಟ್ರಾನ್ಸ್‌ಫರ್ ಆದಾಗ ರಾತ್ರಿ ಲಾರಿ ತುಂಬಿಸಿ ಬೆಳಿಗ್ಗೆ ಹೊಸ ಮನೇಲಿ ಹಾಲು ಉಕ್ಕಿಸಿದ್ವಿ ಕಣೋ" ಎಂದಳು.

ಎರಡನೆಯದು ಊರಿನ ದಫ್ತರದಿಂದ ಹೆಸರು ತೆಗೆಸುವುದು. ಜರ್ಮನಿಗೆ ಬಂದವರು ಎರಡು ವಾರದೊಳಗೆ ತಮ್ಮ ವಿಳಾಸ ನೋಂದಾಯಿಸಬೇಕು. ದೇಶ ಬಿಡುವವರು ಅದನ್ನು ರದ್ದು ಮಾಡಿಸಬೇಕು. ಇದಕ್ಕೆ ಅಬ್‌ಮೆಲ್ಡುಂಗ್ ಎಂದು ಹೆಸರು. ಇಂಟರ್‌ನೆಟ್‌ನವರು, ಜಿಮ್ಮಿನವರು, ರೇಡಿಯೋ-ಟಿವಿ ಶುಲ್ಕದವರು, ಎಲ್ಲರೂ ಕೇಳುವುದು ಇದರ ಚೀಟಿಯನ್ನು. ಆ ಶುಲ್ಕದ ಕತೆಯೇ ಬೇರೆ: ಮನೆಯಲ್ಲಿ ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. ನಾನು ಇಲ್ಲದ ಟಿವಿಗೆ ಒಂದು ತಿಂಗಳೂ ತಪ್ಪದೆ ಕಟ್ಟಿದ ಶಿಸ್ತಿನ ಪ್ರಜೆ. ಇರಲಿ. "ಚೀಟಿ ತಂದುಕೊಡಿ, ಒಂದು ತಿಂಗಳು ಮೊದಲೇ ತಿಳಿಸಿ" ಎಂದು ಇಂಟರ್‌ನೆಟ್‌ನವರೂ ಜಿಮ್ಮಿನವರೂ ಬರೆಯುತ್ತಾರೆ. ಮನೆ ಬಿಡುವ ದಿನಕ್ಕೆ ಒಂದು ವಾರ ಉಳಿಯುವವರೆಗೆ ಚೀಟಿ ಕೊಡುವುದಿಲ್ಲ ಎಂದು ಕಚೇರಿ ಹೇಳುತ್ತದೆ. ಇಬ್ಬರ ಮಾತೂ ಕಾನೂನುಬದ್ಧ, ಇಬ್ಬರದೂ ವಿನಯಪೂರ್ವಕ. ನಡುವೆ ಓಡಾಡುವವನಿಗೆ ಮಾತ್ರ ಜಿಮ್ಮಿನ ಅಗತ್ಯ ಬೀಳುವುದಿಲ್ಲ.

ಆಫೀಸಿನ ಬೀಳ್ಕೊಡುಗೆಯಲ್ಲೂ ಲೆಕ್ಕ ತಿರುಗುಮುರುಗು. ನಮ್ಮಲ್ಲಿ ಹೋಗುವವರಿಗೆ ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ಹೊಟ್ಟೆ ತುಂಬ ತಿಂಡಿ ತಿನ್ನಿಸುತ್ತಾರೆ. ಅಲ್ಲಿ ಹೋಗುವವನೇ ಕೇಕ್ ತಂದು ಉಳಿದವರಿಗೆ ತಿನ್ನಿಸಬೇಕು. ನಾನು ಕೇಕಿನ ಬದಲು ಮೈಸೂರುಪಾಕ್ ಮಾಡಿಕೊಂಡು ಹೋದೆ. ಒಬ್ಬರು ಅದರಲ್ಲಿ ಗ್ಲುಟೆನ್ ಇದೆಯೇ ಎಂದು ವಿಚಾರಿಸಿದರು. ಇಲ್ಲ, ಕಡಲೆಹಿಟ್ಟು ಮತ್ತು ತುಪ್ಪ ಎಂದೆ. ತುಪ್ಪ ಎಷ್ಟು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಸಾಮಾನು ಖಾಲಿ ಮಾಡಲು ಬರ್ಲಿನ್ನಿನವರು ಸೊಗಸಾದ ದಾರಿ ಕಂಡುಕೊಂಡಿದ್ದಾರೆ. ಬೇಡವಾದದ್ದನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ, 'ಪುಕ್ಕಟೆ' ಎಂದು ಬರೆದು ಫುಟ್‌ಪಾತಿನಲ್ಲಿಟ್ಟರೆ ಬೇಕಾದವರು ಒಯ್ಯುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಮೊದಲು ಮಾಯವಾದದ್ದು ಇಡ್ಲಿ ಸ್ಟ್ಯಾಂಡು. ಎರಡು ದಿನದ ಮೇಲೆ ಎದುರು ಕಟ್ಟಡದ ಕಿಟಕಿಯಲ್ಲಿ ಅದು ಕಣ್ಣಿಗೆ ಬಿತ್ತು. ಕುಳಿಗೊಂದರಂತೆ ಪುಟ್ಟ ಕಳ್ಳಿಗಿಡಗಳನ್ನು ನೆಟ್ಟಿದ್ದರು. ನೀರು ಬಸಿಯಲು ತೂತು ಮೊದಲೇ ಇತ್ತಲ್ಲ!

ಮನೆ ಒಪ್ಪಿಸುವ ದಿನ ಮಾಲೀಕರ ಕಡೆಯವರೊಬ್ಬರು ಟಾರ್ಚು, ಫಾರಂ ಹಿಡಿದು ಬಂದರು. ಜಾತಕ ನೋಡುವ ಜೋಯಿಸರ ಗಾಂಭೀರ್ಯದಿಂದ ಗೋಡೆ ನೋಡಿದರು. ಕ್ಯಾಲೆಂಡರಿಗೆ ಹೊಡೆದಿದ್ದ ಮೊಳೆಯ ತೂತುಗಳಿಗೆ ನಾನು ಬಿಳಿ ಟೂತ್‌ಪೇಸ್ಟ್ ಮೆತ್ತಿದ್ದೆ. ಅವರು ಬಗ್ಗಿ ಮೂಸಿ, "ಪುದೀನ" ಎಂದಷ್ಟೇ ಹೇಳಿ ಮುಂದೆ ಸರಿದರು. ಒಲೆಯ ಹಿಂದಿನ ಅರಿಶಿನದ ಕಲೆಯನ್ನು ಮಾತ್ರ ಸೆಂಟಿಮೀಟರಿನಲ್ಲಿ ಅಳೆದು ಫಾರಂನಲ್ಲಿ ಬರೆದುಕೊಂಡರು. ಕರೆಂಟು ಮೀಟರು, ನೀರಿನ ಮೀಟರು ಓದಿದರು. ನೆಲಮಾಳಿಗೆಯದು, ಟಪಾಲು ಡಬ್ಬಿಯದು ಸೇರಿ ಬೀಗದ ಕೈಗಳನ್ನೆಲ್ಲ ಎಣಿಸಿಕೊಂಡರು. ಇಬ್ಬರೂ ಸಹಿ ಮಾಡಿದೆವು.

ಇಷ್ಟೆಲ್ಲ ನಡೆಯುವಾಗ ಬಾಗಿಲಲ್ಲಿ ಬಂದು ನಿಂತವರು ಕೆಳಗಿನ ಮನೆಯ ಅಜ್ಜಿ. ಅಷ್ಟು ವರ್ಷಗಳಲ್ಲಿ ಅವರು ನನ್ನೊಡನೆ ಮಾತಾಡಿದ್ದು ಎರಡೇ ವಿಷಯ: ಕುಕ್ಕರಿನ ಸೀಟಿ ಮತ್ತು ಭಾನುವಾರದ ಮೌನ. ಭಾನುವಾರ ಗಾಜಿನ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿದರೂ ಸದ್ದಾಗುತ್ತದೆಂದು ಆಕ್ಷೇಪಿಸುವ ಊರು ಅದು. ಆದರೆ ಅಲ್ಲಿ ಅಂಚೆಯವರು, ಮನೆಯಲ್ಲಿ ಜನರಿಲ್ಲದಿದ್ದರೆ ಪಾರ್ಸೆಲ್ಲನ್ನು ಪಕ್ಕದವರ ಕೈಗೆ ಕೊಟ್ಟು ಹೋಗುತ್ತಾರೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ನಾನು ಅಜ್ಜಿಯ ಪಾರ್ಸೆಲ್ಲುಗಳ ಕಾಯಂ ಠಾಣೆಯಾಗಿದ್ದೆ. ಅವರು ಖಾಲಿ ಕೋಣೆಯನ್ನೊಮ್ಮೆ ನೋಡಿದರು. "ಇನ್ನು ನನ್ನ ಪಾರ್ಸೆಲ್ ಯಾರು ತೆಗೆದುಕೊಳ್ಳುತ್ತಾರೆ?" ಎಂದು ಕೇಳಿ, ಕೈ ಕುಲುಕಿ, ಮೆಟ್ಟಿಲಿಳಿದು ಹೋದರು. ಆಫೀಸಿನವರೆಲ್ಲ ಸಹಿ ಮಾಡಿದ ಕಾರ್ಡು ಓದಿದಾಗ ಏನೂ ಆಗದವನಿಗೆ ಆಗ ಗಂಟಲು ಕಟ್ಟಿತು. ಫಾರಂ ಹಿಡಿದವರು ಔಚಿತ್ಯ ಬಲ್ಲವರು. ಕಿಟಕಿಯ ಚಿಲಕವನ್ನು ಎರಡನೇ ಸಲ ಪರೀಕ್ಷಿಸತೊಡಗಿದರು.

ಕೊನೆಯದು ವಿಮಾನ ನಿಲ್ದಾಣ. ಬರ್ಲಿನ್ನಿನ ಹೊಸ ನಿಲ್ದಾಣದ ಕೆಲಸ ಶುರುವಾದದ್ದು 2006ರಲ್ಲಿ, ಬಾಗಿಲು ತೆರೆದದ್ದು 2020ರ ಅಕ್ಟೋಬರ್ 31ರಂದು. ಟೆಂಪಲ್‌ಹೋಫ್ ಎಂಬ ಹಳೆಯ ನಿಲ್ದಾಣವನ್ನು 2008ರಲ್ಲೇ ಮುಚ್ಚಿದ್ದಾಗಿತ್ತು. ಈಗ ಅದರ ರನ್‌ವೇ ಮೇಲೆ ಜನ ಸೈಕಲ್ ಹೊಡೆಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ಅಲ್ಲಿ ಕಟ್ಟಡ ಕಟ್ಟಬಾರದೆಂದು 2014ರಲ್ಲಿ ಮತ ಹಾಕಿ ಗೆದ್ದರು ಕೂಡ. ಹೊರಡುವ ಜಾಗವನ್ನು ಹುಲ್ಲುಗಾವಲು ಮಾಡಿಕೊಂಡು, ಹೊಸದನ್ನು ಕಟ್ಟಲು 14 ವರ್ಷ ತೆಗೆದುಕೊಂಡ ಊರು ನನ್ನನ್ನು ಮೂರೇ ತಿಂಗಳಿಗೆ ಬಿಟ್ಟುಕೊಟ್ಟದ್ದು ಅದರ ದೊಡ್ಡತನ.

ಬಿಟ್ಟುಕೊಟ್ಟಿತು ಎನ್ನುವುದೂ ಪೂರ್ತಿ ನಿಜವಲ್ಲ. ಬಿಸಿನೀರು, ಹೀಟರು, ಮೆಟ್ಟಿಲಿನ ದೀಪಗಳ ಲೆಕ್ಕ ಕಳಿಸಲು ಮಾಲೀಕರಿಗೆ ಲೆಕ್ಕದ ವರ್ಷ ಮುಗಿದ ಮೇಲೆ ಇನ್ನೂ 12 ತಿಂಗಳ ಅವಕಾಶವಿದೆ; ಅಲ್ಲಿಯವರೆಗೆ ಅಡ್ವಾನ್ಸಿನ ಒಂದು ಪಾಲು ಅವರಲ್ಲೇ ಇರುತ್ತದೆ. ಬೆಂಗಳೂರಿನ ಸೆಖೆಯಲ್ಲಿ ಫ್ಯಾನಿನ ಕೆಳಗೆ ಕೂತು ಬರ್ಲಿನ್ನಿನ ಹೀಟರಿನ ಬಿಲ್ಲು ಓದುವ ಯೋಗ ನನ್ನದಾಯಿತು. ಅರಿಶಿನದ ಕಲೆಯನ್ನೂ ಮರೆತಿರಲಿಲ್ಲ.

ಆದ್ದರಿಂದ ಜರ್ಮನಿಗೆ ಹೊರಟು ನಿಂತ ತಮ್ಮಂದಿರೇ, ತಂಗಿಯರೇ, ಹೋಗುವಾಗಲೇ ಒಂದು ಕಟ್ಟು ಲಕೋಟೆ ಕೊಳ್ಳಿರಿ, ಒಗ್ಗರಣೆಯನ್ನು ಗೋಡೆಯಿಂದ ದೂರ ಹಾಕಿರಿ, ಕೆಳಗಿನ ಮನೆಯವರ ಪಾರ್ಸೆಲ್ ತಪ್ಪದೆ ತೆಗೆದಿಡಿರಿ. ಮೊದಲಿನ ಎರಡರಿಂದ ದುಡ್ಡು ಉಳಿಯುತ್ತದೆ. ಮೂರನೆಯದರಿಂದ, ಹೊರಡುವ ದಿನ ನಿಮ್ಮನ್ನು ಕೇಳುವವರೊಬ್ಬರು ಇರುತ್ತಾರೆ.